ಯಂತ್ರದ ಪರಂಪರೆ ಮತ್ತು ಬಳಕೆಯ ಗುರುತು
ಇಟಲಿಯ ಸ್ಪೋರ್ಟ್ ಮೋಟಾರು ಸೈಕಲ್ಲುಗಳನ್ನು ಕುರಿತ ಸಂಗ್ರಾಹಕ ಸಾಹಿತ್ಯದ ಒಂದು ವಿಮರ್ಶೆ

1. ಪ್ರವೇಶ

ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಮೋಟಾರು ಸೈಕಲ್ಲನ್ನು ಕುರಿತ ಲೇಖನಕ್ಕೆ ಏನು ಕೆಲಸವೆಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಶಾಸನ, ನಾಣ್ಯ, ದೇವಾಲಯ, ಕೋಟೆ ಇವುಗಳನ್ನು ಆಧಾರವೆಂದು ನಿಸ್ಸಂಕೋಚವಾಗಿ ಒಪ್ಪುವ ನಾವು, ಮನುಷ್ಯನು ಮಾಡಿ ದಿನನಿತ್ಯ ಬಳಸಿ ಸವೆಸಿದ ಯಂತ್ರವನ್ನು ಆಧಾರವೆಂದು ಒಪ್ಪಲು ಇನ್ನೂ ಹಿಂದೆಮುಂದೆ ನೋಡುತ್ತಿದ್ದೇವೆ. ನಾವು ಒಪ್ಪಲಿ, ಬಿಡಲಿ, ಯಂತ್ರಗಳ ಇತಿಹಾಸವನ್ನು ಬರೆಯುವವರು ಬರೆಯುತ್ತಲೇ ಇದ್ದಾರೆ. ಅವರಲ್ಲಿ ಹೆಚ್ಚಿನವರು ವಿಶ್ವವಿದ್ಯಾನಿಲಯಗಳ ವಿದ್ವಾಂಸರಲ್ಲ. ಹಳೆಯ ವಾಹನಗಳನ್ನು ಕೊಂಡು ಕೂಡಿಡುವ ಸಂಗ್ರಾಹಕರು, ಹರಾಜು ಸಂಸ್ಥೆಗಳ ಪಟ್ಟಿಕಾರರು ಮತ್ತು ವಾಹನ ಪತ್ರಿಕೆಗಳ ಲೇಖಕರು. ಇವರ ಬರವಣಿಗೆಯನ್ನು ಒಟ್ಟಾಗಿ ‘ಸಂಗ್ರಾಹಕ ಸಾಹಿತ್ಯ’ವೆಂದು ಕರೆಯೋಣ.

ಈ ಸಾಹಿತ್ಯವು ಇಟಲಿಯ ಸ್ಪೋರ್ಟ್ ಮೋಟಾರು ಸೈಕಲ್ಲುಗಳ ಮೇಲೆ ತೋರಿರುವ ಪ್ರೀತಿ ಅಸಾಧಾರಣವಾದುದು. ಸ್ಪೋರ್ಟ್ ಮೋಟಾರು ಸೈಕಲ್ಲೆಂದರೆ, ಪಂದ್ಯದ ಯಂತ್ರದ ಗುಣಗಳನ್ನು ಆದಷ್ಟು ಉಳಿಸಿಕೊಂಡು ಸಾಮಾನ್ಯ ರಸ್ತೆಗೆಂದು ಮಾಡಿ ಮಾರಿದ ಗಾಡಿ. ಡುಕಾಟಿ, ಎಂವಿ ಆಗುಸ್ತಾ, ಮೋಟೊ ಗುಟ್ಸಿ, ಲಾವೆರ್ದಾ, ಬಿಮೊಟಾ ಮೊದಲಾದ ಹೆಸರುಗಳು ಬಂದಲ್ಲೆಲ್ಲ ‘ವಿನ್ಯಾಸ ಪರಂಪರೆ’ ಎಂಬ ಮಾತೂ ಬಂದೇ ಬರುತ್ತದೆ. ಪರಂಪರೆ ಎಂಬುದು ಇತಿಹಾಸಕಾರನ ಮಾತು. ಅದನ್ನು ಇತರರು ಬಳಸಿದಾಗ ಯಾವ ಅರ್ಥದಲ್ಲಿ ಬಳಸಿದ್ದಾರೆ, ಯಾವ ಆಧಾರವನ್ನು ಸ್ವೀಕರಿಸಿದ್ದಾರೆ, ಯಾವುದನ್ನು ಕೈಬಿಟ್ಟಿದ್ದಾರೆ ಎಂಬುದನ್ನು ಪರೀಕ್ಷಿಸುವುದು ನಮ್ಮ ಹೊಣೆ. ಆ ಪರೀಕ್ಷೆಯೇ ಈ ಲೇಖನದ ಉದ್ದೇಶ. ಪರೀಕ್ಷೆಯ ಕೊನೆಯಲ್ಲಿ ಅದೇ ಅಳತೆಗೋಲನ್ನು ನಮ್ಮ ರಾಜ್ಯದಲ್ಲಿಯೇ, ಮೈಸೂರಿನಲ್ಲಿ, 35 ವರ್ಷಗಳ ಕಾಲ ತಯಾರಾದ ಮೋಟಾರು ಸೈಕಲ್ಲಿಗೆ ಹಿಡಿದು ನೋಡಲಾಗುವುದು. ಯಂತ್ರವೊಂದರ ಪರಂಪರೆ ಕಾರಖಾನೆಯ ಬಾಗಿಲಲ್ಲಿ ಮುಗಿಯುವುದಿಲ್ಲ, ಅಲ್ಲಿಂದ ಮುಂದೆಯೂ ಬೆಳೆಯುತ್ತದೆ ಎಂಬುದು ನಾವು ಪ್ರತಿಪಾದಿಸಲಿರುವ ಮಾತು.

2. ಸಂಗ್ರಾಹಕರ ಮೂರು ಅಳತೆಗೋಲುಗಳು

ಸಂಗ್ರಾಹಕ ಸಾಹಿತ್ಯವನ್ನು ಓದುತ್ತ ಹೋದಂತೆ ಅದರಲ್ಲಿ ಮೂರು ಅಳತೆಗೋಲುಗಳು ಪದೇ ಪದೇ ಕಾಣಿಸಿಕೊಳ್ಳುತ್ತವೆ. ಮೊದಲನೆಯದು ಕರ್ತೃವಿನ ಹೆಸರು: ಯಂತ್ರವನ್ನು ಯಾರು ರೂಪಿಸಿದರು? ಡುಕಾಟಿಯಾದರೆ ಫಾಬಿಯೊ ತಾಲ್ಯೋನಿ, ಮೋಟೊ ಗುಟ್ಸಿಯ 1971ರ ‘ವಿ7 ಸ್ಪೋರ್ಟ್’ ಆದರೆ ಲೀನೊ ತೊಂತಿ, 1994ರ ‘ಡುಕಾಟಿ 916’ ಆದರೆ ಮಾಸ್ಸಿಮೊ ತಂಬುರೀನಿ. ಎರಡನೆಯದು ಪಂದ್ಯದ ಗೆಲವು. 1958ರಿಂದ 1974ರವರೆಗೆ ಸತತವಾಗಿ 17 ವರ್ಷ 500 ಸಿ.ಸಿ. ವರ್ಗದ ವಿಶ್ವ ಸವಾರ ಪದವಿ ಎಂವಿ ಆಗುಸ್ತಾ ಗಾಡಿಯನ್ನೇರಿದವರಿಗೆ ಸಂದಿತು. 1972ರ ಏಪ್ರಿಲ್ 23ರಂದು ಇಮೋಲಾದಲ್ಲಿ ನಡೆದ 200 ಮೈಲಿ ಪಂದ್ಯದಲ್ಲಿ ಪಾಲ್ ಸ್ಮಾರ್ಟ್ ಮತ್ತು ಬ್ರೂನೊ ಸ್ಪಜ್ಜಾರಿ ಡುಕಾಟಿಗೆ ಮೊದಲ ಎರಡು ಸ್ಥಾನಗಳನ್ನು ತಂದುಕೊಟ್ಟರು. ಆ ಗೆಲವಿನ ನೆನಪಾಗಿ 1974ರಲ್ಲಿ ಹೊರಬಂದ ‘750 ಸೂಪರ್ ಸ್ಪೋರ್ಟ್’ ಗಾಡಿಗಳು ಸುಮಾರು 400 ಮಾತ್ರ; ಇಂದು ಸಂಗ್ರಾಹಕರು ಅತಿಯಾಗಿ ಬಯಸುವ ಗಾಡಿಗಳಲ್ಲಿ ಇವೂ ಸೇರಿವೆ.

ಮೂರನೆಯ ಅಳತೆಗೋಲು ‘ಮೂಲರೂಪ’. ಎಂಜಿನ್ನಿನ ಸಂಖ್ಯೆಯೂ ಚೌಕಟ್ಟಿನ ಸಂಖ್ಯೆಯೂ ಕಾರಖಾನೆಯ ದಾಖಲೆಯೊಡನೆ ತಾಳೆಯಾಗಬೇಕು. ಬಣ್ಣ, ಕಾರ್ಬುರೇಟರು, ದೀಪ, ಕೊನೆಗೆ ತಿರುಪುಮೊಳೆಗಳು ಸಹ ಹೊರಟ ದಿನ ಇದ್ದಂತೆಯೇ ಇರಬೇಕು. ಮೂಲರೂಪ ಕೆಟ್ಟಿದ್ದರೆ ಅದನ್ನು ಮರಳಿ ತರಬೇಕು. ಈ ಮೂರು ಅಳತೆಗಳಲ್ಲಿ ಬೆಲೆಯನ್ನು ನಿರ್ಧರಿಸುವಲ್ಲಿ ಮೂರನೆಯದೇ ಬಲಿಷ್ಠವಾದುದು.

1998ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯವು ‘ದಿ ಆರ್ಟ್ ಆಫ್ ದಿ ಮೋಟರ್‌ಸೈಕಲ್’ ಎಂಬ ಪ್ರದರ್ಶನವನ್ನು ಏರ್ಪಡಿಸಿದುದು ಈ ದೃಷ್ಟಿಗೆ ದೊರೆತ ದೊಡ್ಡ ಮನ್ನಣೆ. 19ನೆಯ ಶತಮಾನದ ಉಗಿಯಂತ್ರದ ಗಾಡಿಯಿಂದ ಮೊದಲುಗೊಂಡು ಅದೇ ವರ್ಷದ ‘ಎಂವಿ ಆಗುಸ್ತಾ ಎಫ್4’ರವರೆಗೆ ನೂರಕ್ಕೂ ಮಿಕ್ಕಿದ ಯಂತ್ರಗಳು ಅಲ್ಲಿ ಕಾಲಾನುಕ್ರಮದಲ್ಲಿ ನಿಂತುವು. ಮೋಟಾರು ಸೈಕಲ್ಲು ಕಲೆಯೇ ಎಂಬ ವಾದ ಆಗ ಬಿಸಿಯಾಗಿ ನಡೆಯಿತು. ಕಲೆಯಾಗಿರಬಹುದು. ಆದರೆ ಶಿಲ್ಪವನ್ನು ಪೀಠದ ಮೇಲೆ ನಿಲ್ಲಿಸುವಂತೆ ಯಂತ್ರವನ್ನು ನಿಲ್ಲಿಸಿದಾಗ, ಅದು ಓಡಿದ ದಾರಿ ಕಣ್ಮರೆಯಾಗುತ್ತದೆಯೆಂಬುದನ್ನು ಆ ವಾದದಲ್ಲಿ ಹೆಚ್ಚು ಜನ ಗಮನಿಸಲಿಲ್ಲ.

3. ಒಬ್ಬನ ಕೈಯೋ, ಹಲವರ ಕೈಯೋ?

ಮೊದಲನೆಯ ಅಳತೆಗೋಲನ್ನು ಇಟಲಿಯ ಇತಿಹಾಸದಿಂದಲೇ ಪರೀಕ್ಷಿಸೋಣ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಇಟಲಿ ಸೋತು ಬಡವಾಗಿದ್ದ ದೇಶ. ಆಗುಸ್ತಾ ಮನೆತನದವರು ವಿಮಾನ ತಯಾರಕರು. ವಿಮಾನ ತಯಾರಿಕೆಗೆ ನಿಷೇಧ ಬಂದ ಕಾರಣ ಅವರು 1945ರಲ್ಲಿ ಮೋಟಾರು ಸೈಕಲ್ಲಿನತ್ತ ತಿರುಗಿದರು. 1926ರಲ್ಲಿ ಬೊಲೊನ್ಯದಲ್ಲಿ ಹುಟ್ಟಿದ ಡುಕಾಟಿ ರೇಡಿಯೋದ ಬಿಡಿಭಾಗಗಳನ್ನು ಮಾಡುತ್ತಿದ್ದ ಸಂಸ್ಥೆ. ಅದರ ಕಾರಖಾನೆ 1944ರಲ್ಲಿ ಬಾಂಬಿಗೆ ತುತ್ತಾಯಿತು. ಯುದ್ಧಾನಂತರ ಆ ಸಂಸ್ಥೆ ಬದುಕಿಕೊಂಡದ್ದು ಸಾಮಾನ್ಯ ಸೈಕಲ್ಲಿಗೆ ಬಿಗಿದುಕೊಳ್ಳಬಹುದಾದ 48 ಸಿ.ಸಿ.ಯ ‘ಕುಚ್ಚೊಲೊ’ ಎಂಬ ಪುಟ್ಟ ಎಂಜಿನ್ನಿನಿಂದ. ಅದು ಕೂಡ ಡುಕಾಟಿಯವರ ಕಲ್ಪನೆಯಲ್ಲ. ತೂರಿನ್ ನಗರದ ಸಿಯಾತಾ ಸಂಸ್ಥೆಯಿಂದ ಬಂದದ್ದು. ಬ್ರೆಗಾಂಜೆಯ ಲಾವೆರ್ದಾ ಮನೆತನದವರು 1873ರಿಂದ ಬೇಸಾಯದ ಸಲಕರಣೆಗಳನ್ನು ಮಾಡುತ್ತಿದ್ದವರು. ಕಿತ್ತಳೆ ಬಣ್ಣದ ‘750 ಎಸ್‌ಎಫ್‌ಸಿ’ಯನ್ನು ಮೆಚ್ಚುವವರಿಗೆ ಹೊಲ ಕೊಯ್ಯುವ ಯಂತ್ರವೂ ಅದೇ ಹೆಸರಿನದೆಂಬುದು ಬಹುಶಃ ನೆನಪಿರುವುದಿಲ್ಲ. ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಕೊಯ್ಲಿನ ಯಂತ್ರವನ್ನು ಕಂಡವರಿಗೆ ಈ ಸಂಬಂಧ ವಿಚಿತ್ರವೆನಿಸದು: ಉಕ್ಕನ್ನು ಬಾಗಿಸಿ ಬೆಸೆಯಬಲ್ಲ ಕೈಗೆ ಕುಡುಗೋಲೂ ಒಂದೇ, ಗಾಲಿಯೂ ಒಂದೇ.

ಇನ್ನು ‘ಸ್ಪೋರ್ಟ್’ ಗುಣದ ಮಾತು. 1953ರಿಂದ 1957ರವರೆಗೆ ನಡೆದ ‘ಮೋಟೊಜೀರೊ ದಿತಾಲಿಯಾ’ ಎಂಬ ದೂರದ ಪಂದ್ಯವು ಸಾರ್ವಜನಿಕ ರಸ್ತೆಯಲ್ಲಿ, ಸಣ್ಣ ಎಂಜಿನ್ನಿನ ಗಾಡಿಗಳಿಂದ ನಡೆಯುತ್ತಿತ್ತು. ಹಗುರತೆ, ಕಡಿಮೆ ಅಗಲ, ತಿರುವುಗಳಲ್ಲಿ ಸ್ಥಿರತೆ, ಇವು ಇಟಲಿಯ ವಿನ್ಯಾಸದ ಲಕ್ಷಣಗಳೆಂದು ಸಂಗ್ರಾಹಕರು ಹೇಳುವುದು ಸರಿಯೇ. ಆದರೆ ಈ ಲಕ್ಷಣಗಳು ಯಾರೋ ಒಬ್ಬನ ಸ್ಫೂರ್ತಿಯಿಂದ ಉದಿಸಿದುವಲ್ಲ. ಬಡತನ, ಬೆಟ್ಟದ ರಸ್ತೆ, ಚಿಕ್ಕ ಎಂಜಿನ್ನು, ದುಬಾರಿ ಪೆಟ್ರೋಲು ಇವುಗಳ ಒತ್ತಡದಿಂದ ಮೂಡಿದುವು. 1957ರ ಮಿಲ್ಲೆ ಮಿಲ್ಯಾ ಕಾರು ಪಂದ್ಯದ ದುರಂತದಿಂದಾಗಿ ಇಂಥ ರಸ್ತೆ ಪಂದ್ಯಗಳು ನಿಂತುವು. ಅದೇ ವರ್ಷ ಮೋಟೊ ಗುಟ್ಸಿ, ಜಿಲೆರಾ, ಮೊಂದಿಯಾಲ್ ಸಂಸ್ಥೆಗಳು ಖರ್ಚನ್ನು ತಾಳಲಾರದೆ ವಿಶ್ವಪಂದ್ಯದಿಂದ ಹಿಂದೆ ಸರಿದುವು. ಎಂವಿ ಆಗುಸ್ತಾದ 17 ವರ್ಷಗಳ ಗೆಲವಿನ ಹಿಂದೆ ಅದರ ಯಂತ್ರದ ಗುಣವಿದ್ದಂತೆ, ಎದುರಾಳಿಗಳ ಗೈರುಹಾಜರಿಯೂ ಒಂದಿಷ್ಟು ಇದ್ದಿತೆಂಬುದನ್ನು ಇತಿಹಾಸಕಾರನು ಹೇಳಲೇಬೇಕು.

ಕರ್ತೃವಿನ ಹೆಸರು ಅತ್ಯಂತ ದಟ್ಟವಾಗಿ ಅಂಟಿಕೊಂಡಿರುವ ‘ಡುಕಾಟಿ 916’ನ್ನೇ ನೋಡೋಣ. ಸೀಟಿನ ಕೆಳಗಿನಿಂದ ಹೊರಡುವ ಎರಡು ಸೈಲೆನ್ಸರುಗಳು, ಹಿಂಗಾಲಿಯನ್ನು ಒಂದೇ ಬದಿಯಿಂದ ಹಿಡಿದ ತೋಳು, ಕಿರಿದಾದ ಜೋಡಿ ದೀಪ, ಇವೆಲ್ಲ ತಂಬುರೀನಿಯ ಕೃತಿಯೆಂದು ಖ್ಯಾತವಾಗಿವೆ. ಆದರೆ ಅದರ ಎಂಜಿನ್ನಿನಲ್ಲಿ 90 ಡಿಗ್ರಿ ಕೋನದಲ್ಲಿ ಕೂಡಿರುವ ಎರಡು ಸಿಲಿಂಡರುಗಳು 1970ರ ದಶಕದ ಆರಂಭದಲ್ಲಿ ತಾಲ್ಯೋನಿ ರೂಪಿಸಿದ ಮಾದರಿಯವು. ವಾಲ್ವನ್ನು ಸ್ಪ್ರಿಂಗಿನಿಂದಲ್ಲದೆ ಕ್ಯಾಮಿನಿಂದಲೇ ಮುಚ್ಚುವ ‘ಡೆಸ್ಮೊ’ ಏರ್ಪಾಟನ್ನು ಅವರು 1956ರಲ್ಲಿ ಪಂದ್ಯದ ಗಾಡಿಯಲ್ಲಿ ಬಳಸಿದರು. ಅದಕ್ಕೂ ಮುನ್ನ 1954ರ ಮರ್ಸಿಡಿಸ್ ಪಂದ್ಯದ ಕಾರಿನಲ್ಲಿ ಅದೇ ತತ್ತ್ವ ಬಳಕೆಯಾಗಿತ್ತು. ಸಿಲಿಂಡರಿಗೆ ನಾಲ್ಕು ವಾಲ್ವುಗಳ ಏರ್ಪಾಟನ್ನು 1980ರ ದಶಕದಲ್ಲಿ ತಂದವರು ಮಾಸ್ಸಿಮೊ ಬೊರ್ದಿ. ಸೀಟಿನ ಕೆಳಗಿನ ಸೈಲೆನ್ಸರು ಮತ್ತು ಒಂದೇ ಬದಿಯ ತೋಳು 1992ರ ಜಪಾನಿನ ‘ಹೋಂಡಾ ಎನ್‌ಆರ್’ ಗಾಡಿಯಲ್ಲಿ ಆಗಲೇ ಇದ್ದುವು. ಡುಕಾಟಿಯಾದರೋ ಹಲವು ದಶಕಗಳ ಕಾಲ ಇಟಲಿಯ ಸರಕಾರದ ಒಡೆತನದಲ್ಲಿದ್ದು, 1985ರಲ್ಲಿ ಕಜೀವಾ ಸಂಸ್ಥೆಯ ಕೈಗೆ ಬಂದಿತು. ಹೀಗಿರಲು 916 ಎಂಬುದು ಮೂರು ತಲೆಮಾರಿನ ಕೆಲಸ. ತಂಬುರೀನಿಯ ಹಿರಿಮೆ ಇರುವುದು ಈ ಹಲವು ಎಳೆಗಳನ್ನು ಕೂಡಿಸಿ ಒಂದು ರೂಪಕ್ಕೆ ತಂದುದರಲ್ಲಿ. ಶೂನ್ಯದಿಂದ ಸೃಷ್ಟಿಸಿದುದರಲ್ಲಿ ಅಲ್ಲ. ಇದರಿಂದ ಅವರ ಕೀರ್ತಿಗೆ ಕುಂದಿಲ್ಲ.

ಒಂದು ಕಟ್ಟಡವನ್ನು ಒಬ್ಬನ ಹೆಸರಿಗೆ ಬರೆದುಬಿಡುವ ಅಭ್ಯಾಸದ ಪರಿಣಾಮವನ್ನು ಬಳ್ಳಾರಿಯವರಾದ ನಾವು ಚೆನ್ನಾಗಿ ಬಲ್ಲೆವು. ಹೈದರಾಲಿಯು ಇಲ್ಲಿನ ಕೋಟೆಯನ್ನು ವಿಸ್ತರಿಸಿದಾಗ, ಪಕ್ಕದ ಕುಂಬಾರಗುಡ್ಡ ಕೋಟೆಗಿಂತ ಎತ್ತರವಾಗಿರುವುದನ್ನು ಗಮನಿಸದೆ ಹೋದ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂಬ ಐತಿಹ್ಯ ಊರಿಗೆಲ್ಲ ತಿಳಿದದ್ದು. ಕೋಟೆಯ ನಾಯಕರ ಕಾಲದ ಭಾಗ, ಹೈದರನ ಕಾಲದ ಭಾಗ, ಅನಂತರದ ಮಾರ್ಪಾಡುಗಳು, ಕಲ್ಲೊಡೆದವರು, ಗಾರೆ ಅರೆದವರು, ಇವರೆಲ್ಲರ ಕೆಲಸ ಆ ಒಂದು ಕಥೆಯ ಮರೆಯಲ್ಲಿ ಅಡಗಿ ಹೋಗಿದೆ. ಸಂಗ್ರಾಹಕನು ಒಬ್ಬನನ್ನು ಪೀಠಕ್ಕೇರಿಸುತ್ತಾನೆ, ಐತಿಹ್ಯವು ಒಬ್ಬನನ್ನು ಗಲ್ಲಿಗೇರಿಸುತ್ತದೆ. ಇಬ್ಬರೂ ಮಾಡುವ ತಪ್ಪು ಒಂದೇ.

4. ಸಂಗ್ರಾಹಕರಿಗೆ ಸಲ್ಲಬೇಕಾದ ಮನ್ನಣೆ

ಇಷ್ಟು ಹೇಳಿದ ಮಾತ್ರಕ್ಕೆ ಸಂಗ್ರಾಹಕರ ಶ್ರಮವನ್ನು ಹಳಿಯುವುದು ನಮ್ಮ ಉದ್ದೇಶವೆಂದು ಯಾರೂ ಭಾವಿಸಬಾರದು. ಕಾರಖಾನೆಗಳೇ ತಮ್ಮ ಹಳೆಯ ಸರಕನ್ನು ಗುಜರಿಗೆ ಹಾಕುತ್ತಿದ್ದ ಕಾಲದಲ್ಲಿ ಅವನ್ನು ಎತ್ತಿ ತಂದು ಉಳಿಸಿದವರು ಇವರು. ಯಾವ ವರ್ಷದ ಗಾಡಿಗೆ ಯಾವ ಕಾರ್ಬುರೇಟರು, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಯಾವ ಮಾದರಿ ಎಂದು ಅವರು ಸಿದ್ಧಪಡಿಸಿರುವ ಪಟ್ಟಿಗಳು ನಮ್ಮ ಶಾಸನಸೂಚಿಗಳಷ್ಟೇ ಶ್ರದ್ಧೆಯಿಂದ ಆದಂಥವು. ಕಾಲನಿರ್ಣಯದಲ್ಲಿ ಅವರ ಮಾತಿಗೆ ನಾವು ಬೆಲೆ ಕೊಡಲೇಬೇಕು.

ಅವರ ಕೊರತೆ ಇರುವುದು ಶ್ರದ್ಧೆಯಲ್ಲಿ ಅಲ್ಲ, ಪ್ರಶ್ನೆಯಲ್ಲಿ. ‘ಈ ಗಾಡಿ ಹೊರಟ ದಿನ ಹೇಗಿತ್ತು?’ ಎಂದು ಅವರು ಕೇಳುತ್ತಾರೆ. ‘ಹೊರಟ ಮೇಲೆ ಇದಕ್ಕೆ ಏನಾಯಿತು, ಏಕಾಯಿತು, ಯಾರು ಮಾಡಿದರು?’ ಎಂದು ಕೇಳುವುದಿಲ್ಲ. ಆದುದರಿಂದ ಅವರ ಪರಂಪರೆಗೆ ಹುಟ್ಟಿದ ದಿನವಿದೆ, ಬಾಳಿದ ದಿನಗಳಿಲ್ಲ.

5. ಸಂಗನಕಲ್ಲಿನ ಪಾಠ

ಈ ಎರಡನೆಯ ಪ್ರಶ್ನೆಯನ್ನು ಕೇಳುವ ವಿದ್ಯೆ ನಮಗೆ ಹೊಸದಲ್ಲ. ಬಳ್ಳಾರಿ ನಗರದ ಹೊರಗೆ ಕೆಲವೇ ಮೈಲಿ ದೂರದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ಮಾಡುತ್ತಿದ್ದರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇದನ್ನು ಗುರುತಿಸಿದರು; 1940ರ ದಶಕದಲ್ಲಿ ಬಿ. ಸುಬ್ಬರಾವ್ ಉತ್ಖನನ ನಡೆಸಿದರು. ಈಚಿನ ದಶಕಗಳಲ್ಲಿ ರವಿ ಕೋರಿಶೆಟ್ಟರ್ ಮತ್ತು ಅವರ ಸಂಗಡಿಗರು ಹಿರೇಗುಡ್ಡದಲ್ಲಿ ವಿಸ್ತಾರವಾಗಿ ಕೆಲಸ ಮಾಡಿದರು. ಕಪ್ಪು ಡಾಲರೈಟ್ ಶಿಲೆಯನ್ನು ಒಡೆದು, ಚಕ್ಕೆ ತೆಗೆದು, ಕುಟ್ಟಿ, ಉಜ್ಜಿ, ನಯಗೊಳಿಸಿ ಕೊಡಲಿಯನ್ನು ಸಿದ್ಧಪಡಿಸುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಗಳಲ್ಲಿ ಬಿದ್ದ ಗುಳಿಗಳನ್ನು ಇಂದಿಗೂ ಕಾಣಬಹುದು.

ಅಲ್ಲಿ ದೊರೆತ ಕೊಡಲಿಯ ಅಲಗು ಮೊಂಡಾಗಿ ಮತ್ತೆ ಮಸೆದಿದ್ದರೆ, ಮಸೆದು ಮಸೆದು ಅದರ ಉದ್ದವೇ ಕುಗ್ಗಿದ್ದರೆ, ಪುರಾತತ್ತ್ವಜ್ಞನು ಅದನ್ನು ‘ಮೂಲರೂಪ ಕೆಟ್ಟುದು’ ಎಂದು ಬದಿಗೆ ಸರಿಸುವುದಿಲ್ಲ. ಆ ಮಸೆತದಿಂದಲೇ ಅದು ಎಷ್ಟು ಬಳಕೆಯಾಯಿತು, ಯಾವ ಕೆಲಸಕ್ಕೆ ಬಳಕೆಯಾಯಿತು, ಒಡೆಯನು ಅದನ್ನು ಎಷ್ಟು ಬೆಲೆಯುಳ್ಳದ್ದೆಂದು ಬಗೆದಿದ್ದನು ಎಂಬುದನ್ನು ಓದುತ್ತಾನೆ. ಅದನ್ನು ಯಾರಾದರೂ ‘ಹೊಸದರಂತೆ’ ಉಜ್ಜಿ ಹೊಳಪು ಕೊಟ್ಟರೆ ನಾವು ಅದನ್ನು ಸಂರಕ್ಷಣೆಯೆನ್ನುವುದಿಲ್ಲ, ನಾಶವೆನ್ನುತ್ತೇವೆ. ಕುರುಗೋಡಿನಲ್ಲಿಯೂ ಇದೇ ನ್ಯಾಯ. ಸಿಂದರ ರಾಜಧಾನಿಯಾಗಿದ್ದ ಆ ಊರಿನ ದೊಡ್ಡಬಸವೇಶ್ವರನು ಇಂದಿಗೂ ಪೂಜೆಗೊಳ್ಳುವ ದೇವರು. ಕಾಲಕಾಲಕ್ಕೆ ಭಕ್ತರು ಮಾಡಿಸಿದ ಸೇವೆಯನ್ನು ಬಿಟ್ಟು ಆ ದೇವಾಲಯದ ಇತಿಹಾಸವನ್ನು ಬರೆದರೆ ಅದು ಅರ್ಧ ಇತಿಹಾಸ.

ಕಲ್ಲಿನ ಕೊಡಲಿಗೆ ಸಲ್ಲುವ ಈ ನ್ಯಾಯ ಉಕ್ಕಿನ ಯಂತ್ರಕ್ಕೆ ಏಕೆ ಸಲ್ಲಬಾರದು? ಎರಡರ ನಡುವಣ ಹೋಲಿಕೆ ಕೇವಲ ಆಲಂಕಾರಿಕವಲ್ಲ. ಎಂಜಿನ್ನು ಓಡಿದಂತೆಲ್ಲ ಸಿಲಿಂಡರಿನ ಗೋಡೆ ಸವೆಯುತ್ತದೆ. ಆಗ ಲೇತಿನವನು ಅದನ್ನು ಬೋರ್ ಮಾಡಿ ಕಾಲು ಮಿಲಿಮೀಟರಿನಷ್ಟೋ ಅರ್ಧ ಮಿಲಿಮೀಟರಿನಷ್ಟೋ ಅಗಲಿಸುತ್ತಾನೆ. ಅದಕ್ಕೆ ಹೊಂದುವ ದೊಡ್ಡ ಪಿಸ್ಟನ್ನನ್ನು ಹಾಕುತ್ತಾರೆ. ಕೊಡಲಿ ಪ್ರತಿ ಮಸೆತಕ್ಕೂ ಕುಗ್ಗುತ್ತದೆ, ಸಿಲಿಂಡರು ಪ್ರತಿ ಬೋರಿಗೂ ಹಿಗ್ಗುತ್ತದೆ. ಎರಡರಲ್ಲಿಯೂ ಅಳತೆಯೇ ಆಯುಸ್ಸಿನ ದಾಖಲೆ.

6. ಮೈಸೂರಿನ ಜಾವಾ

ಈಗ ನಮ್ಮ ನಾಡಿನ ಯಂತ್ರಕ್ಕೆ ಬರೋಣ. ಇಟಲಿಯಂತೆಯೇ ಯುದ್ಧದಿಂದ ನಲುಗಿದ್ದ ಚೆಕೊಸ್ಲೊವಾಕಿಯಾ ದೇಶದ ‘ಜಾವಾ’ ಎಂಬ ಗಾಡಿ, ಯಾನೆಚೆಕ್ ಎಂಬ ಒಡೆಯನ ಹೆಸರನ್ನೂ ವಾಂಡರರ್ ಎಂಬ ಜರ್ಮನ್ ಗಾಡಿಯ ಹೆಸರನ್ನೂ ಕೂಡಿಸಿ 1929ರಲ್ಲಿ ಹುಟ್ಟಿದ್ದು. ಜರ್ಮನರ ಆಕ್ರಮಣದ ಕಾಲದಲ್ಲಿ ಗುಟ್ಟಾಗಿ ರೂಪುಗೊಂಡ ಅದರ 250 ಸಿ.ಸಿ. ಮಾದರಿಯನ್ನು 1946ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಲಾಯಿತು. ವಿದೇಶೀ ವಾಹನಗಳ ಆಮದಿಗೆ ಭಾರತ ಸರಕಾರ ಕಟ್ಟುಪಾಡು ಹಾಕಿದ ಮೇಲೆ, ರುಸ್ತುಂ ಇರಾನಿ ಮತ್ತು ಫರ್ರೋಕ್ ಇರಾನಿಯವರು ‘ಐಡಿಯಲ್ ಜಾವಾ’ ಸಂಸ್ಥೆಯನ್ನು ಮೈಸೂರಿನಲ್ಲಿ ಸ್ಥಾಪಿಸಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಕಾರಖಾನೆಯನ್ನು ಉದ್ಘಾಟಿಸಿದರು. 1961ರಿಂದ ಜಾವಾ ಎಂಬ ಹೆಸರಿನಲ್ಲಿಯೂ, 1973ರಿಂದ ಯೆಜ್ದಿ ಎಂಬ ಹೆಸರಿನಲ್ಲಿಯೂ ಗಾಡಿಗಳು ಯಾದವಗಿರಿಯ ಆ ಕಾರಖಾನೆಯಿಂದ ಹೊರಬಂದುವು. ಕಡಿಮೆ ಪೆಟ್ರೋಲಿನಲ್ಲಿ ಓಡುವ 100 ಸಿ.ಸಿ. ಗಾಡಿಗಳು 1980ರ ದಶಕದಲ್ಲಿ ಮಾರುಕಟ್ಟೆಗೆ ಬಂದುವು. ಹೊಗೆಯ ನಿಯಮಗಳೂ ಬಿಗಿಯಾದುವು. 1996ರಲ್ಲಿ ಕಾರಖಾನೆ ಮುಚ್ಚಿತು.

ಸಂಗ್ರಾಹಕರ ಅಳತೆಗೋಲನ್ನು ಇದಕ್ಕೆ ಹಿಡಿದರೆ ಏನಾಗುತ್ತದೆ? ಕರ್ತೃವಿನ ಹೆಸರಿನಲ್ಲಿ ಮೈಸೂರಿಗೆ ಪಾಲಿಲ್ಲ, ನಕ್ಷೆ ಚೆಕ್ ದೇಶದ್ದು. ಪಂದ್ಯದಲ್ಲಿ ಯೆಜ್ದಿ ಗಾಡಿಗಳು ಭಾರತದ ಮಟ್ಟಿಗೆ ಹೆಸರು ಮಾಡಿದರೂ ಇಮೋಲಾದ ಗೆಲವಿನ ಪಕ್ಕದಲ್ಲಿ ಅದನ್ನು ನಿಲ್ಲಿಸಲಾಗದು. ಮೂಲರೂಪದಲ್ಲಿ ಉಳಿದಿರುವ ಗಾಡಿಗಳು ಅತಿ ವಿರಳ. ಏಕೆಂದರೆ ಅವುಗಳಲ್ಲಿ ಹೆಚ್ಚಿನವು ನಿಲ್ಲಿಸಿ ನೋಡಲೆಂದು ಕೊಂಡವಲ್ಲ, ಓಡಿಸಲೆಂದು ಕೊಂಡವು. ಮೂರು ಅಳತೆಯಲ್ಲಿಯೂ ಮೈಸೂರಿನ ಗಾಡಿ ಸೋಲುತ್ತದೆ. ಆದುದರಿಂದ ಅದಕ್ಕೆ ಪರಂಪರೆ ಇಲ್ಲವೆ? ಅಥವಾ ಅಳತೆಗೋಲೇ ಕಿರಿದಾಯಿತೆ?

ಯಂತ್ರವನ್ನೇ ಕೇಳೋಣ. ಮೈಸೂರಿನ 250ರ ಸಿಲಿಂಡರು ಒಂದೇ. ಅದರ ಅಗಲ 65 ಮಿ.ಮೀ., ಪಿಸ್ಟನ್ನಿನ ಚಲನೆ 75 ಮಿ.ಮೀ., ಗಾತ್ರ ಸುಮಾರು 249 ಸಿ.ಸಿ. ಎರಡು ಹೊಡೆತದ ಎಂಜಿನ್ನಾದ ಕಾರಣ ವಾಲ್ವಿಲ್ಲ, ಕ್ಯಾಮಿಲ್ಲ. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿದರೆ ಸಾಕು, ಒಳಭಾಗಗಳಿಗೆ ಜಾರು ಒದಗುತ್ತದೆ. ಸಿಲಿಂಡರು ಒಂದಾದರೂ ಎರಡು ಬದಿಗೆ ಎರಡು ಸೈಲೆನ್ಸರುಗಳು. ಕಿಕ್ಕರಿಗೂ ಗೇರಿಗೂ ಒಂದೇ ಲಿವರು, ಎಬ್ಬಿಸಿದರೆ ಕಿಕ್ಕರು, ಇಳಿಸಿದರೆ ಗೇರು. ಆ ಲಿವರನ್ನು ಒತ್ತಿದಾಗ ಕ್ಲಚ್ಚೂ ತಾನಾಗಿ ಬಿಡುತ್ತದೆ. ಡುಕಾಟಿಯ ಡೆಸ್ಮೊ ಏರ್ಪಾಟಿನಲ್ಲಿ ಪ್ರತಿಯೊಂದು ವಾಲ್ವಿನ ತೆರೆಯುವ ಸಂದನ್ನೂ ಮುಚ್ಚುವ ಸಂದನ್ನೂ ಬೇರೆ ಬೇರೆಯಾಗಿ, ಕೂದಲೆಳೆಯಷ್ಟು ನಿಖರವಾಗಿ ಹೊಂದಿಸಬೇಕು. ಅದಕ್ಕೆ ತರಬೇತಾದ ಕೈ ಬೇಕು. ಜಾವಾದ ಎಂಜಿನ್ನನ್ನು ಬಿಚ್ಚಿ ಕೂಡಿಸಲು ಕೆಲವೇ ಸ್ಪ್ಯಾನರುಗಳು ಸಾಕು. ಮೊದಲನೆಯದು ವೇಗಕ್ಕಾಗಿ ಕಷ್ಟವನ್ನು ಒಪ್ಪಿಕೊಂಡ ವಿನ್ಯಾಸ. ಎರಡನೆಯದು ರಿಪೇರಿಯ ಸುಲಭಕ್ಕಾಗಿ ವೇಗವನ್ನು ಬಿಟ್ಟುಕೊಟ್ಟ ವಿನ್ಯಾಸ. ಎರಡೂ ವಿನ್ಯಾಸಗಳೇ, ಎರಡರಲ್ಲಿಯೂ ಬುದ್ಧಿ ಇದೆ. ಆದರೆ ಪೀಠದ ಮೇಲೆ ನಿಲ್ಲಿಸಿದಾಗ ಮೊದಲನೆಯದರ ಗುಣ ಕಣ್ಣಿಗೆ ಕಾಣುತ್ತದೆ, ಎರಡನೆಯದರ ಗುಣ ಕಾಣುವುದಿಲ್ಲ. ಅದು ಕಾಣುವುದು ದಾರಿಯಲ್ಲಿ ಗಾಡಿ ನಿಂತಾಗ.

ಬಳ್ಳಾರಿ ಸೀಮೆಯ ದಾರಿಯನ್ನು ನೆನೆಯಿರಿ. ಸಿರುಗುಪ್ಪದತ್ತ ಹೋದರೆ ಎರೆಭೂಮಿ. ಮಳೆ ಬಿದ್ದರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಅಂಟಿ ಕಲ್ಲಾಗುತ್ತದೆ. ಸಂಡೂರಿನ ಕಡೆ ಅದಿರಿನ ಕೆಂಪು ಧೂಳು. ಬೇಸಿಗೆಯಲ್ಲಿ ಗಾಳಿಯೇ ಬೆಂಕಿಯಂತಾಗಿರುವಾಗ, ಗಾಳಿಯಿಂದಲೇ ತಂಪಾಗಬೇಕಾದ ಎಂಜಿನ್ನಿನ ಪಾಡು ಹೇಳತೀರದು. ಇಂಥ ನೆಲದಲ್ಲಿ ಓಡಿದ ಗಾಡಿಯ ಮಡ್‌ಗಾರ್ಡು ಕತ್ತರಿಸಿದ್ದರೆ, ಸೀಟು ಬದಲಾಗಿದ್ದರೆ, ಚೌಕಟ್ಟಿಗೆ ವೆಲ್ಡಿಂಗ್ ಬಿದ್ದಿದ್ದರೆ, ಹಿಂದೆ ಕಬ್ಬಿಣದ ಕ್ಯಾರಿಯರು ಕೂಡಿಸಿದ್ದರೆ, ಇತಿಹಾಸಕಾರನು ಅವನ್ನು ದೋಷಗಳೆನ್ನದೆ ಪ್ರಶ್ನೆಗಳೆಂದು ಕಾಣಬೇಕು. ಯಾವ ಮಣ್ಣಿಗಾಗಿ ಕತ್ತರಿಸಿದರು? ಯಾವ ಹೊರೆಯಿಂದ ಚೌಕಟ್ಟು ಬಿರಿಯಿತು? ಕ್ಯಾರಿಯರಿನ ಮೇಲೆ ಹೋದದ್ದು ಹಾಲಿನ ಕ್ಯಾನೋ, ಭತ್ತದ ಚೀಲವೋ? ಈ ಪ್ರಶ್ನೆಗಳಿಗೆ ಉತ್ತರ ದೊರೆತಲ್ಲಿ ಅದು ಜಿಲ್ಲೆಯ ಆರ್ಥಿಕ ಇತಿಹಾಸದ ಒಂದು ಪುಟವೇ ಆಗುತ್ತದೆ.

7. ನಿಯಮವಾಗಿ ಬಂದ ಅಳತೆಗೋಲು

ಇದು ಪಂಡಿತರ ನಡುವಣ ಚರ್ಚೆ ಮಾತ್ರವಾಗಿದ್ದರೆ ಇಷ್ಟು ಹೇಳಿ ನಿಲ್ಲಿಸಬಹುದಾಗಿತ್ತು. ಆದರೆ 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರದ ಸಾರಿಗೆ ಇಲಾಖೆಯು ‘ವಿಂಟೇಜ್’ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ಕಳೆದ ದ್ವಿಚಕ್ರ, ಚತುಶ್ಚಕ್ರ ವಾಹನಗಳಿಗೆ ಇವು ಅನ್ವಯಿಸುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಗಾಡಿ ತನ್ನ ಮೂಲರೂಪದಲ್ಲಿರಬೇಕು. ಚಾಸಿ, ಹೊರಮೈ, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಬಾರದು. ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ ಮೊದಲಾದವುಗಳಿಗಲ್ಲದೆ ನಿತ್ಯದ ಬಳಕೆಗೆ ಅದನ್ನು ಓಡಿಸುವಂತಿಲ್ಲ.

ಹಳೆಯ ವಾಹನಗಳಿಗೆ ಒಂದು ಕಾನೂನಿನ ನೆಲೆ ದೊರೆತುದು ಸ್ವಾಗತಾರ್ಹ. ಆದರೆ ಸಂಗ್ರಾಹಕರ ಮೂರನೆಯ ಅಳತೆಗೋಲು ಇಲ್ಲಿ ನಿಯಮದ ಭಾಷೆಯಾಗಿ ಪರಿವರ್ತನೆಗೊಂಡಿರುವುದನ್ನು ಗಮನಿಸಬೇಕು. ಮೈಸೂರಿನಿಂದ ಜಾವಾ ಎಂಬ ಹೆಸರಿನಲ್ಲಿ ಹೊರಟ ಗಾಡಿಗಳಲ್ಲಿ ಬಹುಪಾಲು ಈಗ 50 ವರ್ಷ ದಾಟಿವೆ. ಅವುಗಳಲ್ಲಿ ದುಡಿಯದೆ ನಿಂತಿದ್ದ ಗಾಡಿ ಪರಂಪರೆಯೆನಿಸಿಕೊಳ್ಳುತ್ತದೆ. ದುಡಿದು, ಮುರಿದು, ರಿಪೇರಿಯಾಗಿ, ಮತ್ತೆ ದುಡಿದ ಗಾಡಿ ಗುಜರಿಯ ಕಡೆಗೆ ನಡೆಯುತ್ತದೆ. ಉಳಿಸಬೇಕೆಂಬ ಮಾಲಿಕನ ಮುಂದೆ ಇರುವ ಸುಲಭ ದಾರಿಯೆಂದರೆ ಗಾಡಿಯನ್ನು ‘ಮೂಲ’ಕ್ಕೆ ಮರಳಿಸುವುದು: ವೆಲ್ಡಿಂಗನ್ನು ಉಜ್ಜಿ ಅಳಿಸಿ, ಹಳೆಯ ಬಣ್ಣವನ್ನು ಕೆರೆದು, ಟ್ಯಾಂಕಿಗೆ ಹೊಸ ಕ್ರೋಮು ಹಾಕಿಸಿ, ಎಲ್ಲಿಂದಲೋ ಬಿಡಿಭಾಗ ತಂದು ಜೋಡಿಸುವುದು. ಹೀಗೆ ಸಿದ್ಧವಾದ ಗಾಡಿ ಕಣ್ಣಿಗೆ ಅಂದವಾಗಿರುತ್ತದೆ. ಆದರೆ ಅದರ 50 ವರ್ಷಗಳ ಬಾಳು ಒಂದೇ ವಾರದಲ್ಲಿ ಅಳಿಸಿಹೋಗಿರುತ್ತದೆ. ಸಂಗನಕಲ್ಲಿನ ಕೊಡಲಿಗೆ ಹೊಳಪು ಕೊಟ್ಟಂತೆಯೇ ಇದು.

ಹೆಸರಿನ ವಿಷಯದಲ್ಲಿಯೂ ಇದೇ ಸ್ಥಿತಿ. 2018ರಲ್ಲಿ ಜಾವಾ ಎಂಬ ಹೆಸರೂ, 2022ರಲ್ಲಿ ಯೆಜ್ದಿ ಎಂಬ ಹೆಸರೂ ಹೊಸ ಸಂಸ್ಥೆಯೊಂದರ ಗಾಡಿಗಳ ಮೇಲೆ ಮತ್ತೆ ಕಾಣಿಸಿಕೊಂಡುವು; ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಯೆಜ್ದಿ ಎಂಬ ಹೆಸರು ಯಾರದೆಂಬ ವ್ಯಾಜ್ಯವು ಕರ್ನಾಟಕ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಹೆಸರಿಗೆ ಬೆಲೆಯುಂಟೆಂದಾಯಿತು. ಆ ಬೆಲೆ ಬಂದದ್ದು ಎಲ್ಲಿಂದ? ಕೇವಲ ನಕ್ಷೆಯಿಂದ ಬರಲಿಲ್ಲ. ಮೂರುವರೆ ದಶಕ ಮೈಸೂರಿನಲ್ಲಿ ಅದನ್ನು ಎರಕ ಹೊಯ್ದು ಜೋಡಿಸಿದ ಕಾರ್ಮಿಕರಿಂದಲೂ, ಅನಂತರದ ದಶಕಗಳಲ್ಲಿ ಬಿಡಿಭಾಗ ದೊರೆಯದಿದ್ದಾಗಲೂ ಅದನ್ನು ಓಡಿಸಿಕೊಟ್ಟ ಊರೂರಿನ ಮೇಸ್ತ್ರಿಗಳಿಂದಲೂ ಬಂದಿತು. ನ್ಯಾಯಾಲಯದಲ್ಲಿ ಇವರು ಕಕ್ಷಿದಾರರಲ್ಲ, ಆಗಲೂ ಬೇಕಿಲ್ಲ. ಆದರೆ ಇತಿಹಾಸದಲ್ಲಿ ಇವರು ಕಕ್ಷಿದಾರರು.

8. ಉಪಸಂಹಾರ

ಮೇಲಣ ವಿಮರ್ಶೆಯಿಂದ ಹೊರಡುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಇಟಲಿಯ ಸ್ಪೋರ್ಟ್ ಮೋಟಾರು ಸೈಕಲ್ಲುಗಳ ವಿನ್ಯಾಸ ಪರಂಪರೆ ನಿಜವಾದುದು, ಗೌರವಕ್ಕೆ ಅರ್ಹವಾದುದು. ಆದರೆ ಅದು ಕೆಲವು ಪ್ರತಿಭಾವಂತರ ಸಹಿಗಳ ಮಾಲೆಯಲ್ಲ; ಸೋತ ದೇಶವೊಂದು ಕೈಗೆ ಸಿಕ್ಕಿದುದರಿಂದ ಬದುಕು ಕಟ್ಟಿಕೊಂಡ ಕಥೆ. ಹಾಗೆ ಓದಿದಾಗ ಅದು ಮೈಸೂರಿನ ಕಥೆಗೆ ದೂರವಾಗಿ ಉಳಿಯುವುದಿಲ್ಲ. ಕೊರತೆಯ ನಡುವೆ ಯಂತ್ರವನ್ನು ಮಾಡಿದವರು ಅವರು. ಮಾಡಿದುದನ್ನು ಕೊರತೆಯ ನಡುವೆ ಉಳಿಸಿಕೊಂಡವರು ನಮ್ಮವರು. ಉಳಿಸಿಕೊಳ್ಳುವುದೂ ವಿನ್ಯಾಸದ ಒಂದು ಭಾಗವೆಂದು ಒಪ್ಪಿದರೆ ಪರಂಪರೆ ಎಂಬ ಮಾತಿಗೆ ಅದರ ಪೂರ್ಣಾರ್ಥ ದೊರೆಯುತ್ತದೆ.

ಇದರಿಂದ ನಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸವೂ ಗೊತ್ತಾಗುತ್ತದೆ. ಕಾರಖಾನೆ ಮುಚ್ಚಿ ಮೂರು ದಶಕಗಳಾಗುತ್ತ ಬಂದಿವೆ. ಅಲ್ಲಿ ದುಡಿದವರಿಗೂ, ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಈ ಗಾಡಿಗಳನ್ನು ರಿಪೇರಿ ಮಾಡಿದವರಿಗೂ ವಯಸ್ಸಾಗಿದೆ. ಗ್ಯಾರೇಜಿನ ಲೆಕ್ಕದ ಪುಸ್ತಕ, ಬಿಡಿಭಾಗದ ಅಂಗಡಿಯ ರಸೀದಿ, ಲೇತಿನವನು ಬರೆದಿಟ್ಟ ಬೋರಿನ ಅಳತೆ, ನೋಂದಣಿ ಪುಸ್ತಕದಲ್ಲಿನ ಒಡೆಯರ ಹೆಸರುಗಳ ಸಾಲು, ಇವೆಲ್ಲ ನಮ್ಮ ಆಧಾರಗಳು. ಶಾಸನದ ಪಡಿಯಚ್ಚು ತೆಗೆಯುವಷ್ಟೇ ಎಚ್ಚರದಿಂದ ಇವನ್ನು ನಕಲು ಮಾಡಿಕೊಳ್ಳಬೇಕು. ಗಾಡಿಯನ್ನು ಹೊಸದಾಗಿಸಲು ಹೊರಟ ಮಾಲಿಕನಿಗೆ, ಕೆರೆಯುವ ಮುನ್ನ ಒಂದು ಛಾಯಾಚಿತ್ರ ತೆಗೆಸಿಡಿ, ತೆಗೆದ ಭಾಗಕ್ಕೆ ಚೀಟಿ ಕಟ್ಟಿಡಿ ಎಂದಷ್ಟಾದರೂ ಹೇಳಬೇಕು. ಕೊಡಲಿ ಮಾಡಿದವರ ಹೆಸರು ನಮಗೆ ಗೊತ್ತಿಲ್ಲ, ಗೊತ್ತಾಗುವಂತೆಯೂ ಇಲ್ಲ. ಗಾಡಿಯನ್ನು ಉಳಿಸಿದವರ ಹೆಸರನ್ನು ಇನ್ನೂ ಕೇಳಿ ಬರೆದುಕೊಳ್ಳಬಹುದಾಗಿದೆ. ಆ ಅವಕಾಶ ಹೆಚ್ಚು ಕಾಲ ಇರುವುದಿಲ್ಲ.